ಫೋನು ಮಲಗುವ ಜಾಗ

ನನ್ನ ಕೆಲಸಕ್ಕೆ ಒಂದೇ ನಿಯಮವಿತ್ತು: ರಾತ್ರಿ ಫೋನು ಎಲ್ಲಿ ಮಲಗುತ್ತದೋ ಮನುಷ್ಯನೂ ಅಲ್ಲೇ ಮಲಗಿರುತ್ತಾನೆ. ಮಾದಾಪುರದ ಒಂದು ಗಾಜಿನ ಕಟ್ಟಡದಲ್ಲಿ ಕುಳಿತು ನಾವೊಂದಿಷ್ಟು ಜನ ಈ ನಿಯಮವನ್ನು ನಂಬಿ ಅನ್ನ ತಿನ್ನುತ್ತಿದ್ದೆವು. ಒಂದು ಮೊಬೈಲ್ ಕಂಪನಿ ತನ್ನ ಟವರುಗಳ ದಾಖಲೆಯನ್ನು ನಮಗೆ ಕೊಡುತ್ತಿತ್ತು. ಅದರಲ್ಲಿ ಹೆಸರಿರುತ್ತಿರಲಿಲ್ಲ, ನಂಬರೂ ಇರುತ್ತಿರಲಿಲ್ಲ. ನಂಬರಿನ ಬದಲು ಒಂದು ಗುರುತು, ಯಾವ ಟವರು, ಯಾವ ಹೊತ್ತು, ಅಷ್ಟೇ. ಅದನ್ನು ಸೋಸಿ, ಯಾವ ತಿಂಗಳು ಜನ ಎಲ್ಲಿಂದ ಬರುತ್ತಾರೆ, ಯಾವ ತಿಂಗಳು ಎಲ್ಲಿಗೆ ಹೊರಡುತ್ತಾರೆ ಎಂದು ನಕ್ಷೆ ಮಾಡಿಕೊಡುವುದು ನಮ್ಮ ಕಸುಬು.

ಕೆಲಸ ಕೆಟ್ಟದ್ದೇನಲ್ಲ. ಆದರೆ ಆ ಕಟ್ಟಡ ನನಗೆ ಒಗ್ಗಲೇ ಇಲ್ಲ. ಕೊರಳಿನ ಕಾರ್ಡು ತೋರಿಸದಿದ್ದರೆ ಒಂದು ಬಾಗಿಲೂ ತೆರೆಯದು. ಬಚ್ಚಲಿಗೆ ಹೋಗಿ ಬರಲೂ ಕಾರ್ಡು. ಕಿಟಕಿಗಳೆಲ್ಲ ತೆಗೆಯಲು ಬಾರದ ಗಾಜು. ಹೊರಗೆ ಮಳೆ ಬಂದರೆ ಸದ್ದೂ ಕೇಳದು, ಮಣ್ಣಿನ ವಾಸನೆಯೂ ಇಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಆ ಸಿಟ್ಟನ್ನು ದಿನಾ ಬೆಳಿಗ್ಗೆ ಗೇಟಿನ ಹೊರಗೇ ಬಿಟ್ಟು ಒಳಗೆ ಹೋಗುವುದನ್ನು ಕಲಿತಿದ್ದೆ. ಸಂಜೆ ಹೊರಬರುವಾಗ ಅದು ಅಲ್ಲೇ ಕಾದಿರುತ್ತಿತ್ತು, ಮನೆಗೆ ತಂದು ಅವ್ವನ ಮೇಲೆ ತೀರಿಸಿಕೊಳ್ಳುತ್ತಿದ್ದೆ.

ಅವ್ವನನ್ನು ಎಂಟನೇ ಮಹಡಿಗೆ ತಂದು ಕೂಡಿಹಾಕಿದವಳೂ ನಾನೇ. ನಮ್ಮ ಊರು ಯಾದಗಿರಿ ಕಡೆಯದು. ಅಪ್ಪ ಗಡಿ ದಾಟಿ ಈ ತೆಲುಗು ನಗರಕ್ಕೆ ಬಂದು ಬಾಲಾನಗರದ ಒಂದು ವರ್ಕ್‌ಶಾಪಿನಲ್ಲಿ ಲೇಥ್ ನಡೆಸುತ್ತಿದ್ದ. ನಾನು ಹುಟ್ಟಿ ಬೆಳೆದದ್ದೆಲ್ಲ ಅಲ್ಲೇ, ಒಂದು ಕೋಣೆಯ ಬಾಡಿಗೆ ಮನೆಯಲ್ಲಿ. ಅಪ್ಪ ಹೋದ ಮೇಲೆ ಅವ್ವನನ್ನು ಕೊಂಡಾಪುರದ ನನ್ನ ಫ್ಲಾಟಿಗೆ ಕರೆತಂದೆ. ಅವಳಿಗೆ ತೆಲುಗು ಬರುತ್ತದೆ, ಬೇಗಂ ಬಜಾರಿನಲ್ಲಿ ಚೌಕಾಶಿ ಮಾಡುವಷ್ಟು ಹಿಂದಿಯೂ ಬರುತ್ತದೆ. ಆದರೆ ಆ ಲಿಫ್ಟಿನಲ್ಲಿ ಯಾರೂ ಯಾವ ಭಾಷೆಯಲ್ಲೂ ಮಾತಾಡುತ್ತಿರಲಿಲ್ಲ. ಮೊದಲ ಎರಡು ತಿಂಗಳು ಅವ್ವ ಬಾಲ್ಕನಿಯಲ್ಲಿ ನಿಂತು ಕೆಳಗೆ ನೋಡುತ್ತ ಹೊತ್ತು ಕಳೆದಳು. ನಾನು ಕೊಡಿಸಿದ ಮೊಬೈಲು ಟಿವಿ ಪಕ್ಕದಲ್ಲಿ ಚಾರ್ಜಿಗೆ ಬಿದ್ದಿರುತ್ತಿತ್ತು. ಒಂದು ದಿನವೂ ಅದನ್ನು ಅವಳು ಮನೆಯಿಂದ ಹೊರಗೆ ಒಯ್ಯಲಿಲ್ಲ.

ಹಾಗೆ ಬಾಲ್ಕನಿಯಿಂದ ನೋಡುವಾಗ ಅವಳಿಗೆ ಕಾಂಪೌಂಡಿನ ಆಚೆ ತಗಡಿನ ಶೆಡ್ಡುಗಳು ಕಂಡವು. ಪಕ್ಕದಲ್ಲಿ ಏಳುತ್ತಿದ್ದ ದೊಡ್ಡ ಕಟ್ಟಡದ ಕೂಲಿಯವರ ಶೆಡ್ಡುಗಳವು. ಒಂದು ಸಂಜೆ ನಾನು ಮನೆಗೆ ಬಂದಾಗ ಅವ್ವನ ಸೀರೆಯಿಂದ ಒಲೆಯ ಹೊಗೆ ವಾಸನೆ ಬರುತ್ತಿತ್ತು. ಮುಖ ಮಾತ್ರ ಹೊಸದಾಗಿತ್ತು.

“ಕೆಳಗ ನಮ್ಮ ಕಡೀ ಮಂದಿ ಅದಾರ,” ಅಂದಳು. “ಜ್ವಾಳದ ರೊಟ್ಟಿ ಕೊಟ್ರು. ತಿಂದ್ ಬಂದೀನಿ. ನಿಂದು ನೀ ನೋಡ್ಕೊ.”

ಅಂದಿನಿಂದ ನಾಲ್ಕು ಗಂಟೆಯಾದರೆ ಅವ್ವ ಕೆಳಗಿಳಿಯುವಳು. ಅಲ್ಲಿ ಅವಳಿಗೆ ಬಹಳ ಹತ್ತಿರವಾದವಳು ಸುರಪುರ ಕಡೆಯ ಒಬ್ಬ ಹುಡುಗಿ. ಮದುವೆಯಾಗಿ ಎರಡು ವರ್ಷ, ಮೊದಲ ಬಸುರು. ಗಂಡ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ, ಇವಳು ಸಿಮೆಂಟಿನ ಬುಟ್ಟಿ ಹೊರುತ್ತಿದ್ದವಳು ಐದು ತಿಂಗಳಾದ ಮೇಲೆ ಬಿಟ್ಟಿದ್ದಳು. ಅವ್ವನನ್ನು ಆಯಿ ಎಂದು ಕರೆಯುತ್ತಿದ್ದಳು. ಬುಧವಾರ ಬುಧವಾರ ಅಲ್ಲಿಗೊಂದು ಆಸ್ಪತ್ರೆಯ ಗಾಡಿ ಬರುತ್ತಿತ್ತು. ಯಾವುದೋ ದಾನದ ಸಂಸ್ಥೆಯದು. ಗೇಟಿನ ಹೊರಗಿನ ದೊಡ್ಡ ಕಲ್ಲಿನ ಹತ್ತಿರ ನಿಲ್ಲುತ್ತಿತ್ತು. ಅದರಲ್ಲಿನ ನರ್ಸಮ್ಮ ಈ ಹುಡುಗಿಗೆ ಬಿ.ಪಿ. ಏರಿದೆ, ಕಾಲು ಬಾತಿದೆ ಎಂದು ವಾರಕ್ಕಾಗುವಷ್ಟು ಮಾತ್ರೆ ಕೊಟ್ಟು, ಒಂದು ವಾರವೂ ತಪ್ಪಿಸಬೇಡ, ದಿನ ತುಂಬುತ್ತ ಬಂದಾಗ ನಾನೇ ಈ ಗಾಡಿಯಲ್ಲಿ ದೊಡ್ಡಾಸ್ಪತ್ರೆಗೆ ಕರೆದೊಯ್ಯುತ್ತೇನೆ ಎಂದಿದ್ದಳಂತೆ. ಒಂದು ಹಳದಿ ಕಾರ್ಡನ್ನೂ ಬರೆದುಕೊಟ್ಟಿದ್ದಳು.

ಆ ಸಂಸ್ಥೆಯ ಹೆಸರು ಅವ್ವನ ಬಾಯಿಂದ ಕೇಳಿದಾಗ ನನಗೆ ನಗು ಬಂತು. ನಮ್ಮ ಆಫೀಸಿಗೆ ಆ ವರ್ಷ ಕೆಲಸ ಕೊಟ್ಟವರು ಅವರೇ. ಅವರ ಬಳಿ ಗಾಡಿಗಳು ಕಡಿಮೆ, ನಗರದ ಸುತ್ತ ಕೂಲಿಯವರ ಕ್ಯಾಂಪುಗಳು ಬೇಕಾದಷ್ಟು. ಯಾವ ಕ್ಯಾಂಪು ಯಾವ ತಿಂಗಳು ತುಂಬಿರುತ್ತದೆ, ಯಾವಾಗ ಖಾಲಿಯಾಗುತ್ತದೆ ಎಂದು ಗೊತ್ತಾದರೆ ಗಾಡಿಗಳನ್ನು ಸುಮ್ಮನೆ ಓಡಿಸುವುದು ತಪ್ಪುತ್ತದೆ ಎಂದು ನಮ್ಮಲ್ಲಿಗೆ ಬಂದಿದ್ದರು. ಆ ನಕ್ಷೆ ಮಾಡುತ್ತಿದ್ದವಳು ನಾನು.

ನಕ್ಷೆ ಚೆಂದವಾಗಿಯೇ ಬಂತು. ಜನ ಹೆಚ್ಚಿದ್ದಲ್ಲಿ ಕೆಂಪು, ಕಡಿಮೆಯಾದಂತೆ ತಿಳಿಗೆಂಪು, ಯಾರೂ ಇಲ್ಲದಲ್ಲಿ ಬಿಳಿ. ಗುಂಡಿ ಒತ್ತಿದರೆ ಇಡೀ ವರ್ಷ ಕಣ್ಣೆದುರು ಓಡುತ್ತಿತ್ತು. ಮುಂಗಾರಿನ ಬೆಳೆ ಕಟಾವಾದ ಮೇಲೆ ಗಡಿಯ ಆಚೆಯಿಂದ ಕೆಂಪು ಹರಿದು ಬಂದು ನಗರದ ಪಶ್ಚಿಮದಲ್ಲಿ ನಿಲ್ಲುವುದು, ಜೂನಿನಲ್ಲಿ ಬಿತ್ತನೆಯ ಮಿರಗದ ಮಳೆ ಬಿದ್ದೊಡನೆ ಅದೇ ದಾರಿಯಲ್ಲಿ ಹಿಂದೆ ಸರಿಯುವುದು. ಮೀಟಿಂಗಿನಲ್ಲಿ ಅದನ್ನು ಓಡಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮ ಮ್ಯಾನೇಜರು ಮೊದಲ ಸಲ ನನ್ನ ಹೆಸರನ್ನು ಸರಿಯಾಗಿ ಹೇಳಿದ. ನಾನೂ ಉಬ್ಬಿದೆ, ಅದನ್ನು ಮುಚ್ಚಿಡುವುದೇಕೆ.

ಉಬ್ಬಿದ್ದರಿಂದಲೇ ಲ್ಯಾಪ್‌ಟಾಪನ್ನು ಅವ್ವನ ಮುಂದೆ ತೆರೆದೆ. ವರದಿ ಕೊಡಲು ಇನ್ನೂ ನಾಲ್ಕು ದಿನ ಇತ್ತು. ಭಾನುವಾರ ಬೆಳಿಗ್ಗೆ, ಅವ್ವ ಮೆಂತೆ ಸೊಪ್ಪು ಬಿಡಿಸುತ್ತಿದ್ದಳು. ಕನ್ನಡಕ ಹಾಕಿಕೊಂಡು ಕೆಂಪು ಹರಿದು ಬಂದು ಹರಿದು ಹೋಗುವುದನ್ನು ಎರಡು ಸಲ ನೋಡಿದಳು. ಆಮೇಲೆ ನಮ್ಮ ಮನೆ ಎಲ್ಲಿ ಎಂದು ಕೇಳಿದಳು, ತೋರಿಸಿದೆ. ಸೊಪ್ಪಿನ ನೀರಿದ್ದ ಬೆರಳನ್ನು ಅದರ ಪಕ್ಕದ ಬಿಳಿ ಜಾಗದ ಮೇಲೆ ಇಟ್ಟಳು.

“ಇಲ್ಲಿ ಯಾರೂ ಇಲ್ಲಂತ ಐತೇನು?”

“ಮಳೆಗಾಲದಾಗ ಇಲ್ಲ. ಬಿತ್ತನಿಗೆ ಹೋಗಿರ್ತಾರ.”

“ಗಂಡಸ್ರು ಹೋಗ್ತಾರ. ಹೆಂಗಸ್ರು ಎಲ್ಲಿಗಿ ಹೋಗ್ತಾರ? ಶೆಡ್ ಯಾರ್ ಕಾಯ್ಬೇಕು?”

ಅಲ್ಲಿನ ಕಟ್ಟಳೆ ಹಾಗಿತ್ತು. ಶೆಡ್ಡು ಮೇಸ್ತ್ರಿಯದು. ಒಲೆ ಹೊತ್ತಿದ ಶೆಡ್ಡಿಗೆ ಅವನು ಕೈ ಹಾಕುತ್ತಿರಲಿಲ್ಲ, ಎರಡು ದಿನ ಬಾಗಿಲು ಹಾಕಿದ್ದರೆ ಬೇರೆಯವರಿಗೆ ಕೊಟ್ಟುಬಿಡುತ್ತಿದ್ದ. ಶೆಡ್ಡು ಹೋದರೆ ಮುಂದಿನ ಹಂಗಾಮಿನ ಕೆಲಸವೂ ಹೋದಂತೆ. ಅದಕ್ಕೇ ಮಿರಗ ಬಿದ್ದರೆ ಮನೆಗೊಬ್ಬ ಹೆಂಗಸನ್ನು ಒಲೆ ಹೊತ್ತಿಸಲು ಬಿಟ್ಟು ಉಳಿದವರು ಊರಿಗೆ ಹೋಗುತ್ತಿದ್ದರು. ಮನೆಗೊಂದೇ ಫೋನು. ಕೆಲಸ ಮತ್ತೆ ಶುರುವಾದಾಗ ಮೇಸ್ತ್ರಿ ಫೋನು ಮಾಡುವುದು ಗಂಡಸಿಗೆ, ಹಾಗಾಗಿ ಫೋನು ಗಂಡಸಿನ ಅಂಗಿಯ ಜೇಬಿನಲ್ಲಿ ಊರಿಗೆ ಹೋಗುತ್ತಿತ್ತು. ನನ್ನ ನಿಯಮದ ಪ್ರಕಾರ ಇಡೀ ಸಂಸಾರವೇ ಹೋಯಿತು.

“ಅಂಥವರು ಒಂದಿಷ್ಟು ಮಂದಿ ಇರ್ಬಹುದು, ಬೇ. ಅದು ಲೆಕ್ಕಕ್ಕ ಬರಂಗಿಲ್ಲ,” ಅಂದೆ.

ಅವ್ವ ಮತ್ತೆ ಸೊಪ್ಪಿಗೆ ಕೈ ಹಾಕಿದಳು. ನನ್ನ ಮುಖ ನೋಡದೆ ಅಂದಳು: “ಬಾಲಾನಗರದಾಗ ನಿಮ್ಮಪ್ಪ ಬಿತ್ತನಿಗೆ ಹೋದಾಗ ಖೋಲಿ ಯಾರ್ ಕಾಯ್ತಿದ್ರು? ನೀನೂ ಇದ್ದೆಲ್ಲ, ನನ್ನ ಜೋಡಿ.”

ಇದ್ದೆ. ಆ ತಿಂಗಳೆಲ್ಲ ಅವ್ವ ಹೊಸಿಲು ಬಿಟ್ಟು ಕದಲುತ್ತಿರಲಿಲ್ಲ. ಮನೆಯೊಡೆಯನಿಗೆ ಖೋಲಿ ಖಾಲಿ ಇದೆ ಎಂದು ಅನ್ನಿಸಬಾರದು, ಅಷ್ಟೇ ಅವಳ ಕೆಲಸ. ಒಂದು ಸಲ ನನಗೆ ಜ್ವರ ಬಂದಾಗ ದವಾಖಾನೆಗೆ ಹೋಗಲೂ ಹೆದರಿ, ಪಕ್ಕದ ಮನೆಯವಳನ್ನು ನಮ್ಮ ಬಾಗಿಲಲ್ಲಿ ಕೂರಿಸಿ ನನ್ನನ್ನು ಎತ್ತಿಕೊಂಡು ಓಡಿದ್ದಳು. ಇದೆಲ್ಲ ನನಗೆ ಗೊತ್ತಿತ್ತು. ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ ಮೂರು ತಿಂಗಳು ಆ ಬಿಳಿ ಜಾಗ ನೋಡುತ್ತ ಕುಳಿತವಳಿಗೆ ಒಮ್ಮೆಯೂ ನೆನಪಾಗಲಿಲ್ಲ.

ಸೋಮವಾರ ಮ್ಯಾನೇಜರಿಗೆ ಹೇಳಿದೆ. ಆತ ಒಳ್ಳೆಯ ಮನುಷ್ಯನೇ. ಸಾವಧಾನವಾಗಿ ಕೇಳಿಸಿಕೊಂಡು, ಎಷ್ಟು ಹೆಂಗಸರು ಎಂದು ತೆಲುಗಿನಲ್ಲಿ ಕೇಳಿದ. ಗೊತ್ತಿಲ್ಲ ಎಂದೆ. ದಾಖಲೆ ಏನಿದೆ ಎಂದ. ನಮ್ಮವ್ವ ನೋಡಿದ್ದಾಳೆ ಎಂದೆ. ಆತ ನಗಲಿಲ್ಲ, ಅದೊಂದು ದೊಡ್ಡತನ. ವರದಿಯಲ್ಲಿ ನಮ್ಮ ಅವ್ವಂದಿರ ಮಾತು ಬರೆಯಲಾಗದು, ಬೇಕಾದರೆ ಪುಟದ ಅಡಿಗೆ ಒಂದು ಸಾಲು ಹಾಕು ಎಂದ. ಹಾಕಿದೆ. ಫೋನು ಇಲ್ಲದವರು ಈ ಎಣಿಕೆಯಲ್ಲಿ ಸೇರಿಲ್ಲ ಎಂದು, ಇರುವೆಯಂಥ ಅಕ್ಷರದಲ್ಲಿ. ಆಮೇಲೆ ವರದಿಗೆ ಸಹಿ ಮಾಡಿದೆ. ಕೆಲಸದ ವಿಷಯ ಹೊರಗೆ ಬಾಯಿ ಬಿಡುವುದಿಲ್ಲ ಎಂದು ಸೇರುವಾಗಲೇ ಬರೆದುಕೊಟ್ಟಿದ್ದೆ. ನಿಜ ಹೇಳಬೇಕೆಂದರೆ ಆ ಕಾಗದ ಇಲ್ಲದಿದ್ದರೂ ನಾನು ಸುಮ್ಮನಿರುತ್ತಿದ್ದೆ. ಚಪ್ಪಾಳೆಯ ಸದ್ದು ಇನ್ನೂ ಕಿವಿಯಲ್ಲಿತ್ತು.

ಮಿರಗ ಬಿತ್ತು. ಹುಡುಗಿಯ ಗಂಡ ಊರಿಗೆ ಹೋದ. ಅವಳು ಒಲೆ ಹೊತ್ತಿಸಲು ಉಳಿದಳು.

ಮೊದಲ ಬುಧವಾರ ಗಾಡಿ ಬರಲಿಲ್ಲ. ಮಳೆಗೆ ದಾರಿ ಕೆಟ್ಟಿರಬೇಕು ಎಂದು ಅವ್ವ ಅಂದಳು. ನಾನು ಹೂಂ ಎಂದೆ. ಎರಡನೇ ಬುಧವಾರವೂ ಬರಲಿಲ್ಲ. ಹುಡುಗಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಆ ಕಲ್ಲಿನ ಮೇಲೆ ಹಳದಿ ಕಾರ್ಡು ಹಿಡಿದು ಕುಳಿತಿದ್ದಳಂತೆ; ಶೆಡ್ಡಿನ ಬಾಗಿಲು ಅಲ್ಲಿಂದ ಕಾಣುತ್ತದೆ, ಹಾಗಾಗಿ ಕೂರಬಹುದಿತ್ತು. ಮಾತ್ರೆ ಮುಗಿದಿತ್ತು. ಮುಖವೂ ಬಾತಿದೆ ಎಂದು ಅವ್ವ ಹೇಳಿದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮರುದಿನ ಊಟದ ಹೊತ್ತಿಗೆ ಆಫೀಸಿನ ಮೆಟ್ಟಿಲಲ್ಲಿ ನಿಂತು ಆ ಸಂಸ್ಥೆಗೆ ಫೋನು ಮಾಡಿದೆ.

ಅತ್ತ ಕಡೆಯವಳು ಬಹಳ ಮರ್ಯಾದೆಯಿಂದ ಮಾತಾಡಿದಳು. ಮೇಡಂ, ನಿಮ್ಮ ನಕ್ಷೆಯಿಂದ ನಮಗೆ ತುಂಬ ಅನುಕೂಲವಾಯಿತು, ಆ ಕ್ಯಾಂಪು ದಸರೆಯವರೆಗೆ ಖಾಲಿ ಎಂದು ಗಾಡಿಯನ್ನು ಬೇರೆ ಕಡೆಗೆ ಹಾಕಿದ್ದೇವೆ ಎಂದಳು. ಅಲ್ಲಿ ಹೆಂಗಸರಿದ್ದಾರೆ ಎಂದೆ. ಹಾಗಾದರೆ ತಿದ್ದಿದ ನಕ್ಷೆ ಕಳಿಸಿಕೊಡಿ, ಮೇಲಿನವರಿಗೆ ತೋರಿಸಿ ಮತ್ತೆ ಹಾಕಿಸುತ್ತೇನೆ ಎಂದಳು. ತಿದ್ದಲು ನನ್ನ ಬಳಿ ಏನಿತ್ತು? ಫೋನು ಇಲ್ಲದವರನ್ನು ತೋರಿಸಲು ಫೋನು ಬೇಕಿತ್ತು. ಮ್ಯಾನೇಜರನ್ನು ಕೇಳಿದರೆ ಆ ಕೆಲಸ ಮುಗಿದು ಫೈಲು ಮುಚ್ಚಿದೆ ಎಂದ. ಸಂಜೆಯವರೆಗೆ ನನ್ನದೇ ನಕ್ಷೆಯ ಮುಂದೆ ಹಲ್ಲು ಕಚ್ಚಿಕೊಂಡು ಕುಳಿತಿದ್ದೆ. ಬಾಗಿಲಿಗೆ ಕಾರ್ಡು ತೋರಿಸಿದರೆ ತೆರೆಯುತ್ತಿತ್ತು; ಆದರೆ ಹೊರಗೆ ಹೋಗಿ ಯಾರಿಗೆ ಏನು ಹೇಳುವುದು ಎಂಬುದು ಹೊಳೆಯಲಿಲ್ಲ.

ಶನಿವಾರ ನಾನೇ ಇಳಿದು ಶೆಡ್ಡಿಗೆ ಹೋದೆ. ಅಷ್ಟು ದಿನ ಅವ್ವನ ಮಾತಿನಲ್ಲಷ್ಟೇ ಇದ್ದ ಹುಡುಗಿಯನ್ನು ಕಂಡದ್ದು ಆವತ್ತೇ. ಚಾಪೆಯ ಮೇಲೆ ಗೋಡೆಗೊರಗಿ ಕುಳಿತಿದ್ದಳು. ಕಣ್ಣು ಮಂಜಾಗುತ್ತದೆ, ತಲೆ ಸಿಡಿಯುತ್ತದೆ ಎಂದಳು. ಈಗಲೇ ಆಸ್ಪತ್ರೆಗೆ ಹೋಗೋಣ, ಆಟೊ ತರುತ್ತೇನೆ ಎಂದೆ.

“ಬ್ಯಾಡ್ರಿ ಅಕ್ಕಾರ. ಬುಧವಾರ ಗಾಡಿ ಬರ್ತೈತ್ರಿ,” ಅಂದಳು. “ಆಸ್ಪತ್ರಿಗೆ ಹೋದ್ರ ಎರಡು ದಿನ ಇಟ್ಕೋತಾರ. ಒಲಿ ಆರಿದ್ರ ಮೇಸ್ತ್ರಿ ಶೆಡ್ ಬ್ಯಾರೇದವ್ರಿಗೆ ಕೊಡ್ತಾನ್ರಿ. ನಮ್ಮವ್ರು ಬಂದ್ ಏನಂತಾರ?”

ಬುಧವಾರ ಗಾಡಿ ಬರುವುದಿಲ್ಲ ಎಂದು ಆ ಕ್ಯಾಂಪಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಬಾಯಿಯವರೆಗೆ ಬಂತು. ಅಷ್ಟರಲ್ಲಿ ಅವ್ವ ಸೆರಗು ಸಿಕ್ಕಿಸಿಕೊಂಡು ಒಲೆಯ ಮುಂದೆ ಕುಳಿತಳು.

“ನೀ ನಡಿ. ಒಲಿ ನಾ ಹೊತ್ತಸ್ತೀನಿ,” ಅಂದಳು. “ಮೇಸ್ತ್ರಿ ಬಂದ್ರ ಅತ್ತಿ ಬಂದಾಳಂತ ಹೇಳ್ತೀನಿ. ಈ ಕೆಲಸ ನನಗ ಹೊಸಾದೇನಲ್ಲ.”

ಹುಡುಗಿಗೆ ಗಂಡನ ನಂಬರು ಬಾಯಿಗೆ ಬರುತ್ತಿರಲಿಲ್ಲ. ಅವನೇ ಹೋಗುವಾಗ ಇದ್ದಲಿನಿಂದ ತಗಡಿನ ಮೇಲೆ ಬರೆದಿಟ್ಟು ಹೋಗಿದ್ದ, ಹತ್ತು ಅಂಕಿ, ದಪ್ಪದಪ್ಪಗೆ. ವರ್ಷಗಟ್ಟಲೆ ಫೋನುಗಳ ಗುರುತುಗಳ ಜೊತೆ ಹೆಣಗಿದ ನಾನು ಒಬ್ಬ ಮನುಷ್ಯನ ನಂಬರನ್ನು ಹೀಗೆ ಎದುರಿಗೆ ಕಂಡದ್ದು ಅದೇ ಮೊದಲು. ಆಟೊದಲ್ಲಿ ಕೂತು ಫೋನು ಮಾಡಿದೆ. ಅವನು ಹೊಲದಲ್ಲಿದ್ದ, ಎತ್ತುಗಳ ಗಂಟೆ ಕೇಳುತ್ತಿತ್ತು. ವಿಷಯ ತಿಳಿದ ಮೇಲೆ ಒಂದೇ ಪ್ರಶ್ನೆ ಕೇಳಿದ: “ಗಾಡಿ ಬರ್ತಿತ್ತಲ್ರಿ?”

ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಅವಳನ್ನು ಕೂಡಲೇ ಒಳಗೆ ಒಯ್ದರು. ದಾರಿಯಲ್ಲೇ ಅವಳಿಗೆ ಸೆಳೆತ ಶುರುವಾಗಿ, ನನ್ನ ಮೊಣಕೈಯನ್ನು ಹಿಡಿದ ಹಿಡಿ ಬಿಡಿಸಲು ಇಬ್ಬರು ಬೇಕಾಯಿತು. ಸಂಜೆಗೆ ಡಾಕ್ಟರಮ್ಮ ಹೊರಬಂದು, ತಾಯಿ ಉಳಿದಳು, ಕೂಸು ಹೊಟ್ಟೆಯಲ್ಲೇ ಹೋಗಿತ್ತು ಎಂದರು. ಹೆಣ್ಣು ಕೂಸು. ಹಳದಿ ಕಾರ್ಡನ್ನು ತಿರುಗಿಸಿ ನೋಡಿ, ವಾರವಾರ ಸರಿಯಾಗಿ ತೋರಿಸಿಕೊಂಡಿದ್ದಾಳೆ, ಕಡೆಯ ವಾರಗಳಲ್ಲಿ ಯಾಕೆ ಬಿಟ್ಟಳು ಎಂದು ಕೇಳಿದರು. ಅವಳು ಬಿಡಲಿಲ್ಲ ಎಂದೆ. ಅಲ್ಲಿದ್ದ ಬೆಂಚಿನ ಮೇಲೆ ಕುಳಿತು ಅತ್ತೆ.

ಗಂಡ ಮರುದಿನ ಮಧ್ಯಾಹ್ನ ಬಂದ, ಕಾಲಿಗೆ ಕೆಸರು ಒಣಗಿದ್ದ ಹಾಗೆಯೇ. ಅವನ ಫೋನಿನ ಗುರುತು ಆ ದಿನದ ದಾಖಲೆಯಲ್ಲಿ ಗಡಿ ದಾಟಿ ನಗರಕ್ಕೆ ಬಂದಿರುತ್ತದೆ. ಯಾಕೆ ಬಂತು ಎಂಬುದಕ್ಕೆ ನಮ್ಮಲ್ಲಿ ಜಾಗ ಇರಲಿಲ್ಲ.

ಗಂಡ ಆಸ್ಪತ್ರೆಯಲ್ಲಿ ಉಳಿದ; ಐದು ದಿನ ಅವ್ವ ಆ ಶೆಡ್ಡಿನಲ್ಲೇ ಇದ್ದಳು. ನಾನು ಬೆಳಿಗ್ಗೆ ಹಾಲು ಕೊಟ್ಟು ಆಫೀಸಿಗೆ ಹೋಗುತ್ತಿದ್ದೆ, ಸಂಜೆ ಆಸ್ಪತ್ರೆಗೆ. ಗಾಡಿಯನ್ನು ಬೇರೆ ಕಡೆ ಹಾಕಿದ್ದು ನನ್ನ ನಕ್ಷೆ ನೋಡಿಯೇ ಎಂದು ಆಗಲೇ ಅವಳಿಗೆ ಹೇಳಿದ್ದೆ. ಮೇಸ್ತ್ರಿ ಎರಡು ಸಲ ಇಣುಕಿ ಹೋದನಂತೆ. ಒಲೆ ಉರಿಯುವುದನ್ನು ಕಂಡು ಏನೂ ಅನ್ನಲಿಲ್ಲವಂತೆ. ಅವ್ವನ ಮೊಬೈಲು ಮಾತ್ರ ಎಂಟನೇ ಮಹಡಿಯಲ್ಲಿ ಟಿವಿ ಪಕ್ಕದಲ್ಲೇ ಮಲಗಿತ್ತು. ನಮ್ಮ ದಾಖಲೆ ತೆಗೆದು ನೋಡಬೇಕಾಗಿಯೇ ಇರಲಿಲ್ಲ. ಅದರ ಪ್ರಕಾರ ಆ ಐದೂ ದಿನ ನಮ್ಮವ್ವ ಫ್ಲಾಟಿನಲ್ಲಿ ಹಾಯಾಗಿದ್ದಳು, ಶೆಡ್ಡುಗಳಲ್ಲಿ ಯಾರೂ ಇರಲಿಲ್ಲ.

ಹುಡುಗಿಯನ್ನು ಕರೆತಂದ ದಿನ ಅವ್ವ ಶೆಡ್ಡನ್ನು ಗುಡಿಸಿ, ಬಿಸಿನೀರು ಕಾಸಿ ಇಟ್ಟಿದ್ದಳು. ಗಂಡ ಹೊರಗೆ ಕಟ್ಟೆಯ ಮೇಲೆ ಮುಖ ತಗ್ಗಿಸಿ ಕುಳಿತಿದ್ದ. ಹುಡುಗಿ ಚಾಪೆಯ ಮೇಲೆ ಕುಳಿತು ಬಹಳ ಹೊತ್ತು ಬಾಗಿಲಾಚೆಯ ಕಲ್ಲನ್ನೇ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಅಕ್ಕಾರ, ನೀವು ಓದಿದವ್ರದೀರಿ. ಗಾಡಿ ಯಾಕ ಬರ್ಲಿಲ್ಲ ಅಂತ ನಿಮಗೇನರ ಗೊತ್ತೈತೇನ್ರಿ? ಬ್ಯಾರೆ ಕಡಿ ನಿಂತು ಹೋಗೈತೇನು ಅಂತ ನಂಗ ಒಂದ ಸಮ ಅನಸಾಕತ್ತೈತಿ. ಶೆಡ್ ಕಾಣ್ಲಿ ಅಂತ ನಾ ಅಲ್ಲೇ ಕುಂತ್ಬಿಟ್ಟೆ. ಎದ್ದು ನಾಕ ಹೆಜ್ಜಿ ಹೋಗಿ ನೋಡಿದ್ರ ಸಿಗ್ತಿತ್ತೇನ್ರಿ?”

“ಗೊತ್ತಿಲ್ಲ,” ಅಂದೆ.

ಹಾಸಿಗೆ ಮಡಚುತ್ತಿದ್ದ ಅವ್ವನ ಕೈ ಒಂದು ಗಳಿಗೆ ನಿಂತಿತು. ಮತ್ತೆ ಮಡಚಿ ಮೂಲೆಗಿಟ್ಟಳು. ಹುಡುಗಿ ತಲೆಯಾಡಿಸಿದಳು.

ಲಿಫ್ಟಿನಲ್ಲಿ ನಾವಿಬ್ಬರೇ ಇದ್ದೆವು. ನಾಲ್ಕನೇ ಮಹಡಿ ದಾಟುವಾಗ ಅವ್ವ ಅಂದಳು: “ಹೇಳಿದ್ರ ಅಕಿ ನಿನ್ನ ಬೈತಿರ್ಲಿಲ್ಲ. ತನ್ನ ತಪ್ಪಿಲ್ಲ ಅನ್ನೋದರ ಗೊತ್ತಾಗ್ತಿತ್ತು ಅಕಿಗಿ.” ಎಂಟನೇ ಮಹಡಿಯಲ್ಲಿ ಬಾಗಿಲು ತೆರೆಯಿತು, ಅವ್ವ ಮುಂದೆ ಹೋದಳು.

ಹೇಳಬೇಕು ಎಂದು ಎಷ್ಟೋ ಸಲ ಲಿಫ್ಟಿನವರೆಗೆ ಹೋಗಿ ತಿರುಗಿ ಬಂದೆ. ನಾಳೆ, ಬರುವ ವಾರ, ಅವಳು ಸ್ವಲ್ಪ ಗಟ್ಟಿಯಾಗಲಿ ಎಂದು ನೆಪ ಹುಡುಕಿದೆ. ಅಷ್ಟರಲ್ಲಿ ಕಟ್ಟಡ ಮುಗಿಯಿತು, ಒಂದು ಬೆಳಿಗ್ಗೆ ನೋಡಿದರೆ ತಗಡುಗಳನ್ನು ಲಾರಿಗೆ ಹೇರುತ್ತಿದ್ದರು. ಇದ್ದಲಿನ ನಂಬರು ಇದ್ದ ತಗಡೂ ಅದರಲ್ಲೇ ಹೋಯಿತು. ಆ ನಂಬರು ನನ್ನ ಫೋನಿನಲ್ಲಿತ್ತು. ಹಚ್ಚಿದರೆ ಚಾಲ್ತಿಯಲ್ಲಿಲ್ಲ ಎಂದಿತು. ಮುಂದಿನ ವರ್ಷದ ನಕ್ಷೆಯನ್ನೂ ನಾನೇ ಮಾಡಿದೆ. ಕೆಂಪು ಹರಿದು ಬಂದು ಬೇರೆ ಬೇರೆ ಕಡೆ ನಿಂತಿತು. ಅದರಲ್ಲಿ ಎಲ್ಲೋ ಅವನ ಹೊಸ ಫೋನು ಇರಬೇಕು. ಅವನ ಹತ್ತಿರ ಎಲ್ಲೋ ಅವಳು ಇರಬೇಕು. ಹುಡುಕುವ ದಾರಿ ನನಗೆ ಗೊತ್ತಿಲ್ಲ.

ಅವ್ವ ಆ ಮಾತನ್ನು ಮತ್ತೆ ಎತ್ತಲಿಲ್ಲ. ನಾನು ಆ ಆಫೀಸನ್ನೂ ಬಿಟ್ಟೆ, ಕಾರ್ಡನ್ನೂ ಹಿಂದಿರುಗಿಸಿದೆ. ಆದರೆ ಆಸ್ಪತ್ರೆಯ ಗಾಡಿ ಎಲ್ಲಿ ಕಂಡರೂ ಇಂದಿಗೂ ನಿಂತುಬಿಡುತ್ತೇನೆ. ಆ ಹುಡುಗಿ ಈಗಲೂ ತಾನು ಕುಳಿತ ಜಾಗವೇ ತಪ್ಪಾಯಿತು ಎಂದುಕೊಂಡಿರಬೇಕು.